ನಲ್ಲಿಯ ಸದ್ದು

ಸುಳ್ಳು ಹೊಟ್ಟೆನೋವು ಯಾವುದು, ನಿಜವಾದ ಹೊಟ್ಟೆನೋವು ಯಾವುದು ಎಂದು ತರಗತಿಯ ಬಾಗಿಲಲ್ಲಿ ನಿಂತೇ ಹೇಳಬಲ್ಲೆ ಎಂದು ಟೀಚರಮ್ಮ ಬೀಗುತ್ತಿದ್ದಳು. ಸಣ್ಣ ಮಕ್ಕಳಿಗೆ ಪಾಠ ಹೇಳಿ ಹೇಳಿ ಬಂದ ವಿದ್ಯೆ ಅದು. "ಕಣ್ಣು ನೋಡಿದ್ರೆ ಸಾಕು. ತಪ್ಪು ಮಾಡಿದ ಮಗು ನೆಟ್ಟಗೆ ನೋಡಲ್ಲ," ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದಳು. ಹೆಚ್ಚಿನ ಸಲ ಅವಳ ಮಾತು ನಿಜವೂ ಆಗುತ್ತಿತ್ತು. ಹಾಗೆ ನಿಜವಾಗುತ್ತ ಬಂದದ್ದೇ ಕೊನೆಗೆ ಮುಳುವಾಯಿತು.

ಅವಳ ಮನೆಯಲ್ಲಿ ಕೆಳಗೆ ಕನ್ನಡಕದ ಅಂಗಡಿ, ಮೇಲೆ ಸಂಸಾರ. ಅಂಗಡಿ ಗಂಡನದು. ಬೀದಿಯವರಿಗೆಲ್ಲ ಅವನು ಗಾಜಿನವನು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುವಾಗ ಅವನ ಬೆರಳು ಎಷ್ಟು ಮೃದುವೋ, ಅಂಗಡಿಯ ಕಟ್ಟಳೆ ಅಷ್ಟೇ ಬಿಗಿ. "ಎರಡು ಸಲ ಗಾಜು ಬದಲಾಯಿಸ್ತೀನಿ. ಆಮೇಲೂ ಸರಿಹೋಗಲಿಲ್ಲ ಅಂದ್ರೆ ತಪ್ಪು ಗಾಜಿಂದಲ್ಲ. ನಾನು ಗಾಜು ತಿಕ್ಕೋನು, ಡಾಕ್ಟರಲ್ಲ. ಕಣ್ಣಿನ ಆಸ್ಪತ್ರೆಗೆ ಹೋಗಿ," ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿಬಿಡುತ್ತಿದ್ದ. ಎಷ್ಟು ಗೋಗರೆದರೂ ಮೂರನೆಯ ಸಲ ಗಾಜು ಮುಟ್ಟುತ್ತಿರಲಿಲ್ಲ.

ಒಬ್ಬಳೇ ಮಗಳು ಓದು ಮುಗಿಸಿ ಅಪ್ಪನ ಪಕ್ಕದಲ್ಲೇ ಒಂದು ಮೇಜು ಹಾಕಿಕೊಂಡಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿದು ಫ್ರೇಮಿಗೆ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ಚೂಟಿ ಎಂದೇ. ಇನ್ನು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಇಡೀ ಮನೆಯ ಆಡಳಿತ ನಡೆಸುತ್ತಿದ್ದವಳು ಅಜ್ಜಿ, ಗಂಡನ ತಾಯಿ. ಕಾಲು ಸೋತಿದ್ದವು, ನಾಲಿಗೆ ಸೋತಿರಲಿಲ್ಲ.

ಚೂಟಿ ತಲೆನೋವು ಎಂದಾಗ ಮೊದಲಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಮನೆಯಲ್ಲಿ ತಲೆನೋವು ಎಂದರೆ ಕನ್ನಡಕದ ನಂಬರು ಬದಲಾಗಿದೆ ಎಂದರ್ಥ.

"ಬಾ, ಕೂತ್ಕೋ," ಎಂದು ಅಪ್ಪ ಅವಳನ್ನು ಗೋಡೆಯ ಅಕ್ಷರಗಳ ಎದುರು ಕೂರಿಸಿ, ಗಾಜು ಹಾಕಿ ತೆಗೆದು ನೋಡಿ, ಸಂಜೆಯೊಳಗೆ ಹೊಸ ಕನ್ನಡಕವನ್ನೇ ಮಾಡಿಕೊಟ್ಟ. "ಒಂದು ವಾರ ಹಾಕ್ಕೋ. ಕಣ್ಣು ಒಗ್ಗಬೇಕು."

ಅದೇ ವಾರ ಒಂದು ಬೆಳಿಗ್ಗೆ ಟೀಚರಮ್ಮ ಡಬ್ಬಿಗೆ ಬ್ರೆಡ್ಡು ತುಂಬುತ್ತಿದ್ದಾಗ ಬಚ್ಚಲಿನಿಂದ ವಾಂತಿಯ ಸದ್ದು ಕೇಳಿಸಿತು. ರಾತ್ರಿಯ ಪಲ್ಯ ಹಳಸಿತ್ತೇನೋ ಎಂದುಕೊಂಡಳು. ಮರುದಿನ ಬೆಳಿಗ್ಗೆಯೂ ಅದೇ ಸದ್ದು. ಮಧ್ಯಾಹ್ನಕ್ಕೆ ಹುಡುಗಿ ಸರಿಯಾಗಿದ್ದಳು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಅದರ ಮರುದಿನ ಎದ್ದ ಕೂಡಲೇ ಮತ್ತೆ ವಾಂತಿ.

ಬೆಳಗಿನ ವಾಂತಿ ಎಂದರೆ ಏನೆಂದು ಹೆತ್ತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾಗದ ಮಗಳು. ಕೆಳಗೆ ದಿನವಿಡೀ ತೆರೆದಿಟ್ಟ ಅಂಗಡಿ, ಬಂದು ಹೋಗುವ ನೂರು ಜನ. ಫ್ರೇಮು ತಂದುಕೊಡುವ ಆ ನಗುಮುಖದವನೋ? ಕಾಲೇಜಿನಲ್ಲಿ ಜೊತೆಗಿದ್ದ ಯಾವನೋ? ಶಾಲೆಯಲ್ಲಿ ಕಪ್ಪುಹಲಗೆಯ ಮೇಲೆ ಕೂಡುವ ಲೆಕ್ಕ ಬರೆಯುತ್ತಿದ್ದವಳು ನಡುವೆಯೇ ನಿಂತುಬಿಟ್ಟಳು. "ಟೀಚರ್, ದಶಕ ಮರ್ತಿದೀರಿ," ಎಂದು ಮಕ್ಕಳೇ ಹೇಳಿಕೊಡಬೇಕಾಯಿತು.

ಸಂಜೆ ಮಗಳು ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅಲ್ಲಿಗೇ ಹೋಗಿ ಎದುರು ನಿಂತಳು.

"ಚೂಟಿ, ನಿಂಗೇನಾಗಿದೆ?"

"ತಲೆನೋವಮ್ಮ. ಬೆಳಿಗ್ಗೆ ಎದ್ದಾಗ ತುಂಬ."

"ತಲೆನೋವಿಗೆ ಯಾರಾದ್ರೂ ದಿನಾ ವಾಂತಿ ಮಾಡ್ಕೋತಾರಾ?"

ಚೂಟಿ ತಾಯಿಯ ಕಡೆ ತಿರುಗಿದಳು. ಆದರೆ ನೆಟ್ಟಗೆ ನೋಡಲಿಲ್ಲ. ಮುಖವನ್ನು ಒಂದು ಪಕ್ಕಕ್ಕೆ ವಾಲಿಸಿ, ಓರೆಯಾಗಿ ನೋಡಿದಳು. ಟೀಚರಮ್ಮನಿಗೆ ಅಷ್ಟೇ ಸಾಕಾಯಿತು.

"ನೆಟ್ಟಗೆ ನೋಡೇ," ಎಂದಳು. "ಯಾರವನು?"

"ಯಾರು?"

"ನನ್ನ ಹತ್ರ ನಾಟಕ ಬೇಡ. ನಿಮ್ಮಪ್ಪನಿಗೆ ಗೊತ್ತಾದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಕೂರ್ತಾರೆ. ಈಗಲೇ ಹೇಳಿಬಿಡು, ಯಾರವನು?"

ತಾಯಿ ಏನು ಕೇಳುತ್ತಿದ್ದಾಳೆ ಎಂದು ಅರ್ಥವಾಗಲು ಚೂಟಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಅಳಲಿಲ್ಲ, ಕೂಗಾಡಲಿಲ್ಲ. ತೆಗೆದ ಬಟ್ಟೆಯನ್ನೆಲ್ಲ ತಾಯಿಯ ತೋಳಿಗೆ ಹಾಕಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಮರುದಿನದಿಂದ ಬಚ್ಚಲಿನಲ್ಲಿ ವಾಂತಿಯ ಸದ್ದು ಇರಲಿಲ್ಲ. ಬರೀ ನಲ್ಲಿಯ ಸದ್ದು. ಚೂಟಿ ಎದ್ದವಳೇ ಒಳಗೆ ಹೋಗಿ ಚಿಲಕ ಹಾಕಿ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಡುತ್ತಿದ್ದಳು. ಬಕೆಟ್ಟು ತುಂಬಿ ಹರಿದರೂ ನಿಲ್ಲಿಸುತ್ತಿರಲಿಲ್ಲ.

"ಈ ಮಹಾರಾಣಿ ಮುಖ ತೊಳೆಯೋಕೆ ಒಂದು ಹೊಳೆ ನೀರು ಬೇಕಾ?" ಎಂದು ಅಜ್ಜಿ ಕುರ್ಚಿಯಿಂದಲೇ ಶುರುಮಾಡುತ್ತಿದ್ದಳು. "ನಿನ್ನ ಮಗಳಿಗೆ ಸ್ವಲ್ಪ ಹೇಳಬಾರ್ದೇನೇ? ತೊಟ್ಟಿ ಖಾಲಿಯಾದ್ರೆ ನಾನು ಸ್ನಾನ ಮಾಡೋದು ಕಣ್ಣೀರಲ್ಲೋ?"

"ನಿಮ್ಮ ಮೊಮ್ಮಗಳು ತಾನೇ ಅತ್ತೆ? ನೀವೇ ಹೇಳಿ."

"ಹೇಳ್ತೀನಿ. ನನಗೇನು ಹೆದರಿಕೆ? ಹೊತ್ತು ಮೂಡಿದ ಮೇಲೂ ಬಿದ್ಕೊಂಡಿರ್ತಾಳೆ, ಎದ್ರೆ ನೀರಿನ ಜಾತ್ರೆ. ಮೂರು ಹೊತ್ತು ಫೋನು ನೋಡಿದ್ರೆ ತಲೆ ನೋಯದೆ ಇನ್ನೇನು ನೋಯುತ್ತೆ?"

ಅತ್ತೆ ಸೊಸೆಯರ ಈ ಜಟಾಪಟಿಯ ನಡುವೆ ಚೂಟಿ ಹೊರಗೆ ಬಂದು, ಒದ್ದೆ ಮುಖದಲ್ಲೇ ಕುರ್ಚಿಯ ಹಿಂದಿನಿಂದ ಸರಿದು ಹೋಗುತ್ತಿದ್ದಳು. ಟೀಚರಮ್ಮ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಗಳನ್ನು ಕಾಯುತ್ತಿದ್ದಳು. ಬಸಿರು ಪರೀಕ್ಷಿಸುವ ಪಟ್ಟಿಯೊಂದನ್ನು ತರೋಣವೆಂದು ಔಷಧದ ಅಂಗಡಿಯವರೆಗೆ ಹೋಗಿ, ಒಳಗೆ ಕುಳಿತಿದ್ದವನು ತನ್ನ ಹಳೆಯ ವಿದ್ಯಾರ್ಥಿಯೆಂದು ಕಂಡು ಕೆಮ್ಮಿನ ಮಾತ್ರೆ ಕೊಂಡು ಹಿಂದಿರುಗಿದಳು.

ಕೆಲವು ದಿನಗಳಾದ ಮೇಲೆ ಬಚ್ಚಲಿನ ಕಸದಬುಟ್ಟಿ ಖಾಲಿಮಾಡಲು ಹೋದಾಗ ಕಾಗದದಲ್ಲಿ ಸುತ್ತಿ ಎಸೆದಿದ್ದ ಪ್ಯಾಡು ಕಾಣಿಸಿತು. ಮಗಳು ಮುಟ್ಟಾಗಿದ್ದಳು. ಟೀಚರಮ್ಮ ಬುಟ್ಟಿ ಹಿಡಿದುಕೊಂಡೇ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಹೆದರಿದ್ದೆಲ್ಲ ಸುಳ್ಳು. ಅಂದು ಅವಳು ಹಾಲಿಗೆ ಸಕ್ಕರೆ ಹಾಕಿ ಕುದಿಸಿ, ಒಣದ್ರಾಕ್ಷಿ ಹಾಕಿ, ಎಲ್ಲರಿಗೂ ಬಟ್ಟಲಲ್ಲಿ ಕೊಟ್ಟಳು. "ಏನು ವಿಶೇಷ?" ಎಂದ ಗಂಡನಿಗೆ "ಸುಮ್ನೆ ಕುಡೀರಿ" ಎಂದಳು. ಕ್ಷಮಿಸು ಎಂದು ಮಗಳಿಗೆ ಹೇಳಬೇಕು ಎಂದುಕೊಂಡಳು, ನಾಲಿಗೆ ಹೊರಳಲಿಲ್ಲ. ದೊಡ್ಡ ಗಂಡಾಂತರ ತಪ್ಪಿತು ಎಂಬ ನೆಮ್ಮದಿಯಲ್ಲಿ ಅಂದಿನಿಂದ ಮಗಳ ಮೇಲಿನ ಕಣ್ಣನ್ನೂ ತೆಗೆದುಬಿಟ್ಟಳು. ನಲ್ಲಿ ಮಾತ್ರ ದಿನವೂ ಬೆಳಿಗ್ಗೆ ಸುರಿಯುತ್ತಲೇ ಇತ್ತು.

ಕೆಳಗೆ ಅಂಗಡಿಯಲ್ಲಿ ಅಪ್ಪ ಎರಡನೆಯ ಸಲ ಗಾಜು ಬದಲಾಯಿಸಿದ. ಆಮೇಲೆ ಮೂರನೆಯ ಸಲ. ಚೂಟಿಯ ಮೇಜಿನ ಕೆಳಗೆ ತಿರುಪುಗಳು ಉದುರಿ ಬೀಳತೊಡಗಿದ್ದವು. ಹೆಕ್ಕಲು ಬಗ್ಗಿದರೆ ಕಣ್ಣು ಒಂದು ಗಳಿಗೆ ಕತ್ತಲಾಗುತ್ತದೆ ಎಂದು ಅವಳು ಅಪ್ಪನಿಗೆ ಹೇಳಿದಳು. "ಸರಿಯಾಗಿ ಊಟ ಮಾಡು, ರಕ್ತ ಕಡಿಮೆ ಇರ್ಬೇಕು," ಎಂದ ಅವನು. ಹೇಳಿದವನು ಆ ಮಧ್ಯಾಹ್ನ ತನ್ನ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಒಂದು ಸಂಜೆ ಎಲ್ಲರೂ ತಟ್ಟೆಯ ಮುಂದೆ ಕುಳಿತಿದ್ದಾಗ ಚೂಟಿ ಅಜ್ಜಿಗೆ ನೀರು ಬಗ್ಗಿಸಲು ಜಗ್ಗು ಎತ್ತಿಕೊಂಡಳು. ನೀರು ಲೋಟಕ್ಕೆ ಬೀಳಲಿಲ್ಲ. ಲೋಟದ ಪಕ್ಕದಲ್ಲಿ, ಏನೂ ಇಲ್ಲದ ಜಾಗದಲ್ಲಿ, ಸಾವಕಾಶವಾಗಿ, ಬಹಳ ಎಚ್ಚರಿಕೆಯಿಂದ ಸುರಿಯಿತು. ಅಜ್ಜಿಯ ಮಡಿಲೆಲ್ಲ ಒದ್ದೆಯಾಯಿತು.

"ಅಯ್ಯೋ, ಕುರುಡೀನಾ ನೀನು?"

"ಎರಡು ಲೋಟ ಇದೆಯಲ್ಲ ಅಜ್ಜಿ," ಎಂದಳು ಚೂಟಿ.

"ನೋಡಿದ್ಯೇನೋ, ನನ್ನನ್ನೇ ಆಡ್ಕೋತಾಳೆ," ಎಂದು ಅಜ್ಜಿ ಮಗನ ಕಡೆ ತಿರುಗಿದಳು.

ಟೀಚರಮ್ಮನೂ ರೇಗಿದಳು. "ದೊಡ್ಡವರ ಹತ್ರ ಏನೇ ಹುಡುಗಾಟ ನಿಂದು?" ಗಂಡ ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ, ಅಜ್ಜಿಯ ಮುಂದಿದ್ದ ಆ ಒಂದೇ ಲೋಟವನ್ನು ನೋಡುತ್ತ ಕುಳಿತ. ಚೂಟಿ ನೆಲ ಒರೆಸಲು ಬಗ್ಗಿದಳು. ಬಗ್ಗಿದವಳು ಹಾಗೇ ಮೊಣಕಾಲೂರಿ, ಹಣೆಯನ್ನು ಕುರ್ಚಿಯ ಕಾಲಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕುಳಿತಳು. ಕೋಪ ಮಾಡಿಕೊಂಡಿದ್ದಾಳೆ ಎಂದುಕೊಂಡರು.

ತೊಟ್ಟಿಯ ನೀರು ಖಾಲಿಯಾದದ್ದು ರಜೆಯ ದಿನದ ಬೆಳಿಗ್ಗೆ. ಪಂಪು ಕೆಟ್ಟಿತ್ತು, ಯಾರೂ ನೋಡಿರಲಿಲ್ಲ. ಟೀಚರಮ್ಮ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸಲು ಇಟ್ಟು, ಎಂದಿನಂತೆ ಬಚ್ಚಲಿನ ಚಿಲಕದ ಸದ್ದು, ಅದರ ಹಿಂದೆಯೇ ನಲ್ಲಿ ತಿರುಗಿಸಿದ ಸದ್ದು ಕೇಳಿಸಿಕೊಂಡಳು. ನಲ್ಲಿ ಒಂದು ಸಲ ಗೊರಗೊರ ಎಂದು ನಿಂತುಹೋಯಿತು. ಆಮೇಲೆ, ಮುಚ್ಚಿಕೊಳ್ಳಲು ನೀರಿನ ಸದ್ದಿಲ್ಲದೆ, ಒಳಗಿನದೆಲ್ಲ ಬಯಲಾಗಿ ಕೇಳಿಸಿತು.

ಅದು ವಾಂತಿ ಮಾತ್ರ ಆಗಿರಲಿಲ್ಲ. ವಾಂತಿಯ ನಡುನಡುವೆ ಹಲ್ಲು ಕಚ್ಚಿ ಹಿಡಿದ ನರಳಾಟ, ಗೋಡೆಗೆ ಏನನ್ನೋ ಮೆಲ್ಲಗೆ ಕುಟ್ಟುವ ಸದ್ದು. ಕುಟ್ಟುತ್ತಿರುವುದು ತಲೆಯೆಂದು ಗೊತ್ತಾದಾಗ ಟೀಚರಮ್ಮ ಓಡಿಹೋಗಿ ಬಾಗಿಲು ಬಡಿದಳು.

"ಚೂಟಿ, ಬಾಗಿಲು ತೆಗಿ."

"ಏನಿಲ್ಲಮ್ಮ. ಬಂದೆ."

"ತೆಗೀತೀಯೋ ಇಲ್ವೋ?"

ಚಿಲಕ ಸರಿಯಿತು. ಮಗಳು ನೆಲದ ಮೇಲೆ ಕುಳಿತಿದ್ದಳು. ಎರಡು ಅಂಗೈಯಿಂದಲೂ ತಲೆಯನ್ನು ಒತ್ತಿ ಹಿಡಿದಿದ್ದಳು. ತಾಯಿಯನ್ನು ನೋಡಲು ಮುಖವನ್ನು ಮತ್ತೆ ಓರೆ ಮಾಡಿದಳು. ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು, ಟೀಚರಮ್ಮ ಮೊದಲ ಸಲ ಆ ಕಣ್ಣುಗಳನ್ನು ಹತ್ತಿರದಿಂದ ನೋಡಿದಳು. ಒಂದು ಕಣ್ಣು ಅವಳ ಮೇಲಿತ್ತು. ಇನ್ನೊಂದು ಮೂಗಿನ ಕಡೆಗೆ ತಿರುಗಿ ಅಲ್ಲೇ ಸಿಕ್ಕಿಕೊಂಡಿತ್ತು. ಇದು ಕಳ್ಳನೋಟವಾಗಿರಲಿಲ್ಲ. ನೆಟ್ಟಗೆ ನೋಡಲು ಹುಡುಗಿಗೆ ಆಗುತ್ತಲೇ ಇರಲಿಲ್ಲ.

"ಎಷ್ಟು ದಿನದಿಂದ ಹೀಗೆ?"

"ದಿನಾ ಅಮ್ಮ. ಮಲಗಿದ್ರೆ ಜಾಸ್ತಿ. ವಾಂತಿ ಆದ್ರೆ ಸ್ವಲ್ಪ ಇಳಿಯುತ್ತೆ. ಕಿವಿಯೊಳಗೆ ಎದೆ ಬಡಿದ ಹಾಗೆ ಗುಂಯ್ ಗುಂಯ್ ಅನ್ನುತ್ತೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಹಾಗೆ ಕೇಳಿದ ಮೇಲೆ ನಿಂಗೆ ಕೇಳಿಸಬಾರ್ದು ಅಂತ ನಲ್ಲಿ ಬಿಡ್ತಿದ್ದೆ," ಎಂದಳು.

ಟೀಚರಮ್ಮನಿಗೆ ಅಳಲು ಹೊತ್ತಿರಲಿಲ್ಲ. ಮಗಳನ್ನು ತೋಳಿನಲ್ಲಿ ಆನಿಸಿಕೊಂಡು ಹೊರಗೆ ತಂದಳು. ಹುಡುಗಿ ಕುಡಿದವರಂತೆ ತೂರಾಡುತ್ತಿದ್ದಳು. ಕುರ್ಚಿಯಲ್ಲಿದ್ದ ಅಜ್ಜಿ "ಏನಾಯ್ತೇ" ಎಂದವಳು ಮೊಮ್ಮಗಳ ಮುಖ ನೋಡಿ ಕುರ್ಚಿ ಬಿಟ್ಟೆದ್ದಳು. ಆ ಕುರ್ಚಿಯಲ್ಲೇ ಚೂಟಿಯನ್ನು ಕೂರಿಸಿದರು.

"ಅತ್ತೆ, ಇವಳನ್ನ ಹಿಡ್ಕೊಂಡಿರಿ. ಮಲಗೋಕೆ ಬಿಡ್ಬೇಡಿ. ನಾನು ಅವರನ್ನ ಕರೀತೀನಿ," ಎಂದು ಟೀಚರಮ್ಮ ಮೆಟ್ಟಿಲಿಳಿದು ಅಂಗಡಿಗೆ ಓಡಿದಳು.

ಗಂಡ ಒಬ್ಬನೇ ಯಂತ್ರದ ಮುಂದೆ ಕುಳಿತು ಗಾಜು ತಿಕ್ಕುತ್ತಿದ್ದ. ನಾಲ್ಕನೆಯದು.

"ಯಾರಿಗೆ ಅದು?"

"ಚೂಟಿಗೆ. ಈ ಸಲ ಸರಿಹೋಗುತ್ತೆ."

"ರೀ, ಇತ್ಲಾಗೆ ನೋಡಿ. ಅವತ್ತು ಎರಡು ಲೋಟ ಅಂದಿದ್ದು ಹುಡುಗಾಟ ಅಲ್ಲ. ಅವಳಿಗೆ ಎಲ್ಲಾ ಎರಡೆರಡಾಗಿ ಕಾಣ್ತಿದೆ. ನಿಮಗೆ ಗೊತ್ತಿತ್ತಾ?"

ಯಂತ್ರ ತಿರುಗುತ್ತಲೇ ಇತ್ತು. ಅವನು ಅದನ್ನು ನಿಲ್ಲಿಸಲು ಗುಂಡಿ ಹುಡುಕಿದ, ಮೂವತ್ತು ವರ್ಷದಿಂದ ಒತ್ತುತ್ತ ಬಂದ ಗುಂಡಿ ಅವನ ಕೈಗೆ ಸಿಗಲಿಲ್ಲ. ಟೀಚರಮ್ಮನೇ ಒತ್ತಿದಳು.

"ಒಂದೊಂದೇ ಕಣ್ಣು ಮುಚ್ಚಿದ್ರೆ ಒಂದೇ ಕಾಣುತ್ತೆ," ಎಂದ ಅವನು ಮೆಲ್ಲಗೆ. "ಎರಡೂ ತೆರೆದ್ರೆ ಎರಡು. ಮೊನ್ನೆ ನೋಡ್ದೆ."

"ಗಿರಾಕಿ ಆಗಿದ್ರೆ ಏನು ಮಾಡ್ತಿದ್ರಿ?"

ಅವನು ಯಂತ್ರದಿಂದ ಗಾಜು ಬಿಡಿಸಿ ಅಂಗಿಯ ತುದಿಗೆ ಒರೆಸತೊಡಗಿದ.

"ಕೇಳಿದ್ದಕ್ಕೆ ಹೇಳಿ. ಯಾರೋ ಒಬ್ಬ ಗಿರಾಕಿಯ ಮಗಳು, ಮೂರು ಸಲ ಗಾಜು ಬದಲಾಯಿಸಿ ಆಗಿದೆ. ಏನ್ ಮಾಡ್ತಿದ್ರಿ?"

"ಮೂರನೇ ಸಲ ಬದಲಾಯಿಸ್ತಾನೇ ಇರ್ಲಿಲ್ಲ. ಅವತ್ತೇ ಕಳಿಸ್ತಿದ್ದೆ."

"ಮತ್ಯಾಕೆ?"

"ಗಾಜಿನದ್ದೇ ತಪ್ಪಾಗಿರ್ಲಿ ಅಂತ," ಎಂದ ಗಾಜಿನವನು. "ಗಾಜಾದ್ರೆ ನಾನು ಸರಿಮಾಡಬಲ್ಲೆ."

ಹೆಂಡತಿಗೆ ಬೈಯಬೇಕೆನಿಸಿತು. ಬೈಯಲು ತನಗೆ ಯಾವ ಮುಖ ಎಂದು ತಾನೇ ಕೇಳಿಕೊಂಡು, "ಏಳಿ, ಗಾಡಿ ತರ್ಸಿ," ಎಂದಷ್ಟೇ ಹೇಳಿದಳು.

ಅವನು ಗಿರಾಕಿಗಳನ್ನು ಕಳಿಸುತ್ತಿದ್ದ ಕಣ್ಣಿನ ಆಸ್ಪತ್ರೆ ಎರಡು ಬೀದಿಯಾಚೆ. ರಜೆಯಾದರೂ ತುರ್ತಿಗೆಂದು ಒಬ್ಬಳು ಡಾಕ್ಟರಿದ್ದಳು. ಚೂಟಿಯ ಕಣ್ಣಿಗೆ ಬೆಳಕು ಬಿಟ್ಟು, ಗಾಜಿನ ಮೂಲಕ ಒಳಗೆ ಇಣುಕಿ ನೋಡಿದಳು. ಒಂದು ಕಣ್ಣು, ಇನ್ನೊಂದು ಕಣ್ಣು, ಮತ್ತೆ ಮೊದಲನೆಯದು. ನೋಡುತ್ತ ನೋಡುತ್ತ ಅವಳ ಮಾತು ಕಡಿಮೆಯಾಯಿತು.

"ಕಣ್ಣಿನದ್ದಲ್ಲ ತೊಂದರೆ," ಎಂದಳು ಡಾಕ್ಟರು. "ಕಣ್ಣಿನ ಹಿಂದಿನ ನರ ಊದ್ಕೊಂಡಿದೆ, ಎರಡೂ ಕಡೆ. ತಲೆಬುರುಡೆಯೊಳಗೆ ಒತ್ತಡ ಏರಿದ್ರೆ ಹೀಗಾಗುತ್ತೆ. ಈಗಲೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ನಾನು ಫೋನು ಮಾಡಿರ್ತೀನಿ. ಮನೆಗೆ ಹೋಗಿ ಬಟ್ಟೆ ತಗೊಂಡು ಬರ್ತೀವಿ ಅನ್ಬೇಡಿ."

ಆಂಬುಲೆನ್ಸಿನಲ್ಲಿ ಚೂಟಿಯ ತಲೆಯ ಭಾಗವನ್ನು ಎತ್ತರಿಸಿ ಮಲಗಿಸಿದರು. ಅವಳ ಕಣ್ಣು ಎಳೆಯುತ್ತಿತ್ತು. ನರ್ಸು, "ಮಾತಾಡಿಸ್ತಾ ಇರಿ," ಎಂದಳು. ಟೀಚರಮ್ಮನಿಗೆ ಏನು ಮಾತಾಡಬೇಕೆಂದು ತೋಚದೆ ಮಗ್ಗಿ ಕೇಳತೊಡಗಿದಳು.

"ಏಳು ನಾಲ್ಕಲೆ?"

"ಇಪ್ಪತ್ತೆಂಟು."

"ಏಳೈದಲೆ?"

"ಅಮ್ಮ, ನಿದ್ದೆ ಬರ್ತಿದೆ."

"ಇಲ್ಲ, ಹೇಳು. ಏಳೈದಲೆ?"

ಉತ್ತರ ಬಹಳ ತಡವಾಗಿ, ತೊದಲಾಗಿ ಬಂತು. ಏಳಾರಲೆಗೆ ಬರಲೇ ಇಲ್ಲ. ಟೀಚರಮ್ಮ ಮಗಳ ಕೆನ್ನೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು. ಎದುರಿಗೆ ಕುಳಿತಿದ್ದ ಗಂಡ ಮಗಳ ಎರಡೂ ಪಾದಗಳನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದ. ಅವನ ಮುಖದಲ್ಲಿ ಅಷ್ಟು ಹೆದರಿಕೆಯನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

ದೊಡ್ಡಾಸ್ಪತ್ರೆಯ ಬಾಗಿಲಲ್ಲೇ ಹುಡುಗಿಯನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ದರು. ಒಬ್ಬ ಯುವ ಡಾಕ್ಟರು ನಡೆಯುತ್ತಲೇ ತಂದೆ ತಾಯಿಯನ್ನು ಕೇಳುತ್ತ ಹೋದ. "ತಲೆನೋವು ಬೆಳಿಗ್ಗೆ ಎದ್ದಾಗ ಜಾಸ್ತಿ ಇತ್ತಾ? ಮಲಗಿದ್ರೆ, ಕೆಮ್ಮಿದ್ರೆ ಏರ್ತಿತ್ತಾ? ವಾಂತಿ? ಬಗ್ಗಿದಾಗ ಕಣ್ಣು ಕತ್ತಲೆ? ಎರಡೆರಡು ಕಾಣೋದು? ನಡಿಗೆ ತೂರಾಟ? ಇತ್ತೀಚೆಗೆ ನಿದ್ದೆ ಜಾಸ್ತಿ?"

ಪ್ರಶ್ನೆ ಕೇಳುವುದೇ ಕಸುಬಾಗಿದ್ದವಳು ಈಗ ಉತ್ತರ ಹೇಳುತ್ತಿದ್ದಳು. ಎಲ್ಲದಕ್ಕೂ ಹೌದು. ಎಲ್ಲವೂ ಅವಳ ಕಣ್ಣೆದುರಿಗೇ, ಅದೇ ಊಟದ ಮೇಜಿನ ಸುತ್ತ, ಅದೇ ಬಚ್ಚಲಿನ ಬಾಗಿಲಾಚೆ ನಡೆದಿತ್ತು. ಬೇರೆ ಬೇರೆಯಾಗಿ ನೋಡಿದ್ದರು, ಬೇರೆ ಬೇರೆಯಾಗಿ ಬೈದಿದ್ದರು. ಕೂಡಿಸಿ ನೋಡಿದವರಿರಲಿಲ್ಲ.

ಮಿದುಳಿನೊಳಗೆ ನೀರು ಹರಿಯುವ ದಾರಿಗೆ ಒಂದು ಸಣ್ಣ ಗಂಟು ಅಡ್ಡ ಬೆಳೆದಿದೆ, ನೀರು ಕಟ್ಟಿಕೊಂಡು ಮಿದುಳನ್ನು ಒತ್ತುತ್ತಿದೆ ಎಂದು ಹಿರಿಯ ಡಾಕ್ಟರು ಹೇಳಿದರು. ಮೊದಲು ನೀರು ಇಳಿಸಿ ಆಮೇಲೆ ಗಂಟು ತೆಗೆಯಬೇಕು. "ಇನ್ನೊಂದು ದಿನ ಬಿಟ್ಟಿದ್ರೆ?" ಎಂದು ಗಂಡ ಕೇಳಿದ. ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟು, "ಈಗ ಬಂದಿದೀರಲ್ಲ," ಎಂದರು.

ಮುಚ್ಚಿದ ಬಾಗಿಲಿನ ಮುಂದೆ ಇಬ್ಬರೂ ಕುಳಿತರು. ಮನೆಯಿಂದ ಅಜ್ಜಿ ಪಕ್ಕದ ಮನೆಯವರ ಫೋನಿನಲ್ಲಿ ಮತ್ತೆ ಮತ್ತೆ ಕರೆಮಾಡುತ್ತಿದ್ದಳು. "ನಾನು ಕುರುಡಿ ಅಂದ್ಬಿಟ್ಟೆ ಕಣೇ," ಎಂದು ಪ್ರತಿ ಸಲವೂ ಅದನ್ನೇ ಹೇಳಿ ಅಳುತ್ತಿದ್ದಳು. "ಅತ್ತೆ, ಏನಾದ್ರೂ ತಿಂದ್ರಾ?" ಎಂದು ಟೀಚರಮ್ಮ ಕೇಳಿದರೆ, ಒಲೆಯ ಮೇಲಿನ ಮೊಟ್ಟೆ ಸೀದು ಪಾತ್ರೆಯೇ ಕಪ್ಪಾಗಿದೆ ಎನ್ನುತ್ತಿದ್ದಳು. ಗಂಡ ಕಿಸೆಯಿಂದ ಅರ್ಧ ತಿಕ್ಕಿದ ಗಾಜು ತೆಗೆದ. ಬರುವಾಗ ತಿಳಿಯದೆ ಹಾಕಿಕೊಂಡು ಬಂದಿದ್ದ. ಅದನ್ನೇ ನೋಡುತ್ತ ಕುಳಿತು, ಕೊನೆಗೆ ಎದ್ದು ಹೋಗಿ ಕಸದ ಡಬ್ಬಿಗೆ ಹಾಕಿ ಬಂದ.

ಚೂಟಿ ಉಳಿದಳು. ಗಂಟು ಕೆಟ್ಟದ್ದಾಗಿರಲಿಲ್ಲ. ವಾರಗಳ ಮೇಲೆ ಮನೆಗೆ ಬಂದಾಗ ತಲೆಯ ಒಂದು ಕಡೆ ಕೂದಲಿರಲಿಲ್ಲ, ಮೈ ಸೊರಗಿತ್ತು. ಮೂಗಿನ ಕಡೆ ಸಿಕ್ಕಿಕೊಂಡಿದ್ದ ಕಣ್ಣು ನಿಧಾನವಾಗಿ ತನ್ನ ಜಾಗಕ್ಕೆ ಮರಳಿತು. ಆದರೆ ಬಲಗಣ್ಣಿನ ಅಂಚಿನ ನೋಟ ಹೋಗಿತ್ತು. ಆ ಪಕ್ಕದಿಂದ ಯಾರಾದರೂ ಬಂದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಅದು ತಿರುಗಿ ಬರುವುದು ಕಷ್ಟ, ಬೇಗ ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ ಎಂದು ಕಣ್ಣಿನ ಡಾಕ್ಟರು ಬಚ್ಚಿಡದೆ ಹೇಳಿದ್ದಳು. ಅಜ್ಜಿ ತನ್ನ ಕುರ್ಚಿಯನ್ನು ಮೊಮ್ಮಗಳಿಗೆ ಕಾಣುವಂತೆ ಎಡಗಡೆಗೆ ಹಾಕಿಸಿಕೊಂಡಳು.

ಒಂದು ಬೆಳಿಗ್ಗೆ ಟೀಚರಮ್ಮ ಡಬ್ಬಿಗೆ ಬ್ರೆಡ್ಡು ತುಂಬುತ್ತಿದ್ದಳು. ಬಚ್ಚಲಿನಲ್ಲಿ ನಲ್ಲಿ ತಿರುಗಿತು. ನೀರು ಸುರಿಯಿತು. ಅವಳ ಕೈ ಅಲ್ಲೇ ನಿಂತಿತು, ಮೈಯೆಲ್ಲ ಕಿವಿಯಾಯಿತು. ನೀರಿನ ಸದ್ದಿನ ಕೆಳಗೆ ಬೇರೆ ಸದ್ದಿದೆಯೇ ಎಂದು ಕೇಳಿಸಿಕೊಳ್ಳುತ್ತ, ಗೋಡೆ ಹಿಡಿದುಕೊಂಡು ಬಚ್ಚಲಿನ ಕಡೆ ನಡೆದಳು.

ಬಾಗಿಲು ತೆರೆದೇ ಇತ್ತು. ಚೂಟಿ ಮುಖ ತೊಳೆಯುತ್ತಿದ್ದಳು. ಕನ್ನಡಿಯಲ್ಲಿ ತಾಯಿಯನ್ನು ಕಂಡು ನಲ್ಲಿ ನಿಲ್ಲಿಸಿದಳು.

"ತಲೆನೋವಿಲ್ಲಮ್ಮ. ಬಾಗಿಲು ತೆಗ್ದೇ ಇಟ್ಟಿದೀನಿ."

ಹೀಗೆಂದು ಅವಳು ತಿರುಗಿ ತಾಯಿಯನ್ನು ನೆಟ್ಟಗೆ ನೋಡಿದಳು. ಎರಡು ಕಣ್ಣೂ ಒಂದೇ ಕಡೆ, ತಾಯಿಯ ಮುಖದ ಮೇಲೆ ನಿಂತವು. ಟೀಚರಮ್ಮನಿಗೆ ಆ ನೋಟವನ್ನು ಎದುರಿಸಲಾಗಲಿಲ್ಲ. ಬಕೆಟ್ಟಿನ ಕಡೆಗೂ ಗೋಡೆಯ ಕಡೆಗೂ ನೋಡಿ, ತೊಟ್ಟಿಕ್ಕದ ನಲ್ಲಿಯನ್ನು ಮತ್ತೊಮ್ಮೆ ಬಿಗಿ ಮಾಡಿದಳು.

"ಅಮ್ಮ," ಎಂದಳು ಮಗಳು, "ನೆಟ್ಟಗೆ ನೋಡು."